ಸೋಗಿನ ಪೆಟ್ಟಿಗೆ

"ಆ ಹೆಂಗಸು ಸೋಗು ಹಾಕ್ತಾ ಇದಾಳೆ ತಾತ," ಎಂದ ಕಿಶೋರ್. "ಇಲ್ದೇ ಇರೋ ಬೆರಳು ನೋಯುತ್ತಂತೆ! ಎಲ್ಲಾದ್ರೂ ಕೇಳಿದ್ದೀರಾ?"

ನಾನು ಬೋಲ್ಟುಗಳನ್ನು ಆರಿಸುತ್ತ ಕೂತಿದ್ದೆ. ಆರಿಸುವುದನ್ನು ನಿಲ್ಲಿಸಲಿಲ್ಲ. ಎಂಟರದ್ದು ಎಂಟರ ಡಬ್ಬಿಗೆ, ಹತ್ತರದ್ದು ಹತ್ತರ ಡಬ್ಬಿಗೆ. ಒಂದು ಹತ್ತರದ್ದನ್ನು ಎಂಟರ ಡಬ್ಬಿಗೆ ಹಾಕಿದ್ದನ್ನು ಅವನು ನೋಡಿರಬೇಕು. ವಯಸ್ಸಾಯಿತು ಪಾಪ ಅಂದುಕೊಂಡಿರಬೇಕು. ಎಪ್ಪತ್ತು ದಾಟಿದವನ ಕೈ ಸಿಟ್ಟಿಗೂ ತಪ್ಪುತ್ತದೆ ಎಂಬುದು ಮೂವತ್ತೆರಡರ ಹುಡುಗನಿಗೆ ಹೇಗೆ ಗೊತ್ತಾಗಬೇಕು.

ಕಿಶೋರ್ ಮೈಸೂರಿನ ಕಡೆಯವನು. ಕಂಪನಿಯ ಹೆಡ್ಡಾಫೀಸು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿದೆ. ಅಲ್ಲಿ ಕೂತು ನೌಕರರ ವ್ಯವಹಾರ ನೋಡುತ್ತಾನೆ. ಕಾರ್ಖಾನೆ ಇರುವುದು ವಡೋದರೆಯ ಮಕರಪುರದಲ್ಲಿ. ವರ್ಷಕ್ಕೆ ಎರಡು ಸಲ ಬಂದು ಕ್ಯಾಂಟೀನಿನ ಚಹಾ ಚೆನ್ನಾಗಿಲ್ಲವೆಂದು ಹೆಸರಿಟ್ಟು ಹೋಗುತ್ತಿದ್ದವನು ಈ ಮೂರು ವಾರದಲ್ಲಿ ನಾಲ್ಕನೇ ಸಲ ಬಂದಿದ್ದ. ಅವನು ಹೇಳಿದ ಆ ಹೆಂಗಸು ತುಂಗಾಳೂ ಕನ್ನಡದವಳು, ನಾನೂ ಕನ್ನಡದವನು ಎಂದು ಮಾಲಕರು ಅವನನ್ನೇ ಕಳಿಸಿದ್ದರು. ನಮ್ಮ ಭಾಷೆಯಲ್ಲಿ ಮಾತಾಡಿದರೆ ನಾವು ಬೇಗ ಬಾಗುತ್ತೇವೆ ಎಂದು ಲೆಕ್ಕ.

ತುಂಗಾ ಏಳನೇ ನಂಬರಿನ ಪ್ರೆಸ್ ನಡೆಸುತ್ತಿದ್ದಳು. ಮೋಟಾರಿನೊಳಗೆ ಹಾಕುವ ತಗಡಿನ ಬಿಲ್ಲೆಗಳನ್ನು ಕತ್ತರಿಸುವ ಯಂತ್ರ ಅದು. ಆಷಾಢ ಏಕಾದಶಿಯ ಮಾರನೇ ದಿನ, ಬೆಳಿಗ್ಗೆ ಹತ್ತೂವರೆಗೆ, ಅವಳ ಎಡಗೈಯ ಎರಡು ಬೆರಳು ಆ ಯಂತ್ರದಲ್ಲಿ ಹೋದವು. ತೋರುಬೆರಳು, ನಡುಬೆರಳು. ನಾನು ಸ್ಟೋರಿನಿಂದ ಓಡಿದಾಗ ಅವಳು ಕೂಗುತ್ತಿರಲಿಲ್ಲ. ತನ್ನ ಕೈಯನ್ನು ಬೇರೆ ಯಾರದೋ ಕೈ ಎನ್ನುವಂತೆ ನೋಡುತ್ತಿದ್ದಳು.

ಕಿಶೋರ್ ಒಂದು ಕಾಗದವನ್ನು ಬೋಲ್ಟಿನ ಡಬ್ಬಿಗಳ ಮೇಲೆ ಇಟ್ಟ. ಗುಜರಾತಿಯಲ್ಲಿ ಟೈಪು ಮಾಡಿದ್ದು. ಕೆಳಗೆ ನನ್ನ ಹೆಸರು, ಸಿದ್ದಲಿಂಗಪ್ಪ, ಸ್ಟೋರ್‌ಕೀಪರ್.

"ಮುಂದಿನ ಶುಕ್ರವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ ತಾತ. ನೀವು ಹಳೇ ಮನುಷ್ಯರು, ನಿಮ್ಮ ಮಾತಿಗೆ ತೂಕ ಇದೆ. ಕೈ ಸಿಗದ ಹಾಗೆ ಮೆಷಿನ್‌ಗೆ ಜಾಲರಿ ಹಾಕಿತ್ತು, ಆ ಹೆಂಗಸೇ ಕೆಲಸ ಬೇಗ ಆಗ್ಲಿ ಅಂತ ಬಿಚ್ಚಿದ್ಲು, ಅಷ್ಟೇ. ಒಂದು ಸಹಿ."

"ಓದಿಸ್ಕೊಂಡು ಹೇಳ್ತೇನ್ರಿ," ಎಂದೆ.

"ಓದೋದೇನಿದೆ, ನಾನೇ ಹೇಳಿದ್ನಲ್ಲ!"

"ಓದಿಸ್ಕೊಂಡ ಹೇಳ್ತೇನಿ."

ಆ ಕಾಗದ ನಿಂತರೆ ತುಂಗಾ ನಿಲ್ಲುವುದಿಲ್ಲ. ತಪ್ಪು ಅವಳದಾಗುತ್ತದೆ, ಕೆಲಸದಿಂದ ತೆಗೆಯುತ್ತಾರೆ. ಅಷ್ಟೇ ಅಲ್ಲ, ಯಂತ್ರದ ಜಾಲರಿ ಬಿಚ್ಚಿದವಳು ಎಂಬ ಮಾತು ಮಕರಪುರದಲ್ಲಿ ಗೇಟಿನಿಂದ ಗೇಟಿಗೆ ಹೋಗುತ್ತದೆ. ಎಂಟು ಬೆರಳಿನ ಹೆಂಗಸನ್ನು ಯಾರಾದರೂ ಪ್ಯಾಕಿಂಗಿಗಾದರೂ ಇಟ್ಟುಕೊಂಡಾರು. ಸುಳ್ಳಿ, ಸೋಗಲಾಡಿ ಎಂದು ಹೆಸರು ಬಿದ್ದವಳನ್ನು ಗೇಟಿನೊಳಗೆ ಬಿಡುವುದಿಲ್ಲ. ಇದು ಕಿಶೋರನಿಗೂ ಗೊತ್ತಿತ್ತು. ಅದಕ್ಕೇ ಆ ಮಾತು ಆರಿಸಿದ್ದ.

ಜಾಲರಿ ಹಾಕಿತ್ತೋ ಇಲ್ಲವೋ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ಇಲ್ಲ. ಆ ದಿನ ಆ ಜಾಲರಿ ನಾನು ಕೂತ ಸ್ಟೂಲಿನಿಂದ ಎರಡು ಮಾರು ದೂರದಲ್ಲಿ, ಹಸಿರು ಬಣ್ಣದ ತಗಡಿನ ಪೆಟ್ಟಿಗೆಯಲ್ಲಿ, ಕೀಲಿ ಹಾಕಿಕೊಂಡು ಮಲಗಿತ್ತು. ಕೀಲಿಕೈ ನನ್ನ ಉಡಿದಾರದಲ್ಲಿತ್ತು.

ಹನ್ನೊಂದು ವರ್ಷದ ಹಿಂದೆ ಪರದೇಶದ ಗಿರಾಕಿಗಳು ನಮ್ಮ ಮಾಲು ಕೊಳ್ಳತೊಡಗಿದರು. ಅವರ ಕಡೆಯವರು ತಪಾಸಣೆಗೆ ಬರುತ್ತಿದ್ದರು. ಬರುವ ದಿನ ಮೊದಲೇ ಗೊತ್ತಿರುತ್ತಿತ್ತು. ಆಗ ಈ ಪೆಟ್ಟಿಗೆ ಬಂತು. ಅದರಲ್ಲಿ ಹೊಸ ಕೈಗವಸು, ಕನ್ನಡಕ, ಕಿವಿಗೆ ತುರುಕುವ ಬಿರಡೆ, ಪ್ರೆಸ್ಸುಗಳ ಬಾಯಿಗೆ ಹಾಕುವ ಹಳದಿ ಜಾಲರಿ, ಔಷಧಿ ತುಂಬಿದ ಬಿಳಿ ಡಬ್ಬಿ. ಬೆಳಿಗ್ಗೆ ಎಂಟಕ್ಕೆ ನಾನು ಹಂಚಬೇಕು. ಗಿರಾಕಿಯ ಕಾರು ಗೇಟು ದಾಟಿದ ಮೇಲೆ ಎಲ್ಲವನ್ನೂ ಮರಳಿ ತೆಗೆದುಕೊಂಡು, ಒರೆಸಿ, ಮಡಚಿ ಒಳಗಿಡಬೇಕು. ಗುಜರಾತಿಯವರು ಅದನ್ನು ದೇಖಾವ್‌ನಿ ಪೇಟಿ ಎನ್ನುತ್ತಿದ್ದರು, ತೋರಿಕೆಯ ಪೆಟ್ಟಿಗೆ. ನಾನು ಮನೆಗೆ ಬಂದು ನನ್ನ ಹೆಂಡತಿಗೆ ನಗುತ್ತ ಹೇಳುತ್ತಿದ್ದೆ, ಇವತ್ತ ಸೋಗಿನ ಪೆಟ್ಟಗಿ ತಗದಿದ್ವಿ ನೋಡು, ಎಲ್ಲಾರೂ ಮದವಿ ಮನಿಯವ್ರಗತೆ ಕಾಣತಿದ್ರು ಎಂದು. ನಕ್ಕವನು ನಾನು. ಅದನ್ನು ಮರೆಯುವುದಿಲ್ಲ.

ಇನ್ನೂ ಒಂದಿದೆ. ಪ್ರೆಸ್ಸಿಗೆ ಎರಡು ಗುಂಡಿಗಳಿರುತ್ತವೆ, ಎಡಗೈಗೊಂದು ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ಬೀಳುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಬೆರಳು ಕೆಳಗೆ ಹೋಗುವ ಪ್ರಶ್ನೆಯೇ ಇಲ್ಲ, ಅದಕ್ಕೆಂದೇ ಮಾಡಿದ್ದು. ಆದರೆ ದಿನಕ್ಕೆ ಇಷ್ಟು ಸಾವಿರ ಬಿಲ್ಲೆ ಬೀಳಲೇಬೇಕು ಎಂದು ಹಲಗೆಯ ಮೇಲೆ ಬರೆದಾಗ ಎರಡು ಕೈಯಿಂದ ಗುಂಡಿ ಒತ್ತಿದರೆ ತಗಡು ತಳ್ಳುವವರು ಯಾರು? ಎಡಗಡೆಯ ಗುಂಡಿಗೆ ಒಂದು ಮರದ ಬೆಣೆ ಹೊಡೆದುಬಿಟ್ಟರೆ ಅದು ಒತ್ತಿಯೇ ಇರುತ್ತದೆ. ಎಡಗೈ ಬಿಡುವಾಗುತ್ತದೆ. ಆ ಬೆಣೆಗಳನ್ನು ಕೆತ್ತಿದವನು ನಾನೇ. ಬೇವಿನ ಕಟ್ಟಿಗೆ, ಒಂದು ಗೇಣಿನಲ್ಲಿ ಅರ್ಧ. ಮ್ಯಾನೇಜರ್ ಹೇಳಿದ, ಕೆತ್ತಿದೆ. ಕಾಕಾನ ಕೈ ಒಳ್ಳೆಯದು, ಬೆಣೆ ಜಾರುವುದಿಲ್ಲ ಎಂದು ಬೆನ್ನು ತಟ್ಟಿದರು.

ಆ ಸಂಜೆ ಮಂಜಲ್‌ಪುರದ ನಮ್ಮ ಮನೆಯಲ್ಲಿ ಮೊಮ್ಮಗಳು ಮನಸ್ವಿನಿಯ ಮುಂದೆ ಕಾಗದ ಇಟ್ಟೆ. ನಾನು ಓದಿದ್ದು ಮೂರನೇ ಇಯತ್ತೆ, ಅದೂ ಕನ್ನಡ. ಗುಜರಾತಿ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವಳಿಗೆ ಗುಜರಾತಿ ನೀರು ಕುಡಿದ ಹಾಗೆ. ಕನ್ನಡವೇ ಗಂಟಲಲ್ಲಿ ತಡೆಯುತ್ತದೆ.

"'ಪ್ರೆಸ್ ನಂಬರ್ ಸಾತ್ ಪರ್ ಗಾರ್ಡ್ ಲಗಾವೇಲೋ ಹತೋ'... ಏಳನೇ ಪ್ರೆಸ್ಸಿಗೆ ಗಾರ್ಡ್, ಜಾಲರಿ ಹಾಕಿತ್ತು ಅಂತ ಬರದಾರ ಅಜ್ಜಾ." ಮುಂದೆ ಓದಿದಳು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. "ತುಂಗಾ ಆಂಟಿನ ಅದನ್ನ ಓಪನ್ ಮಾಡಿದ್ರಂತ. ಈಗ ಕೈ ನೋವು ಅಂತ ನಾಟಕ್ ಮಾಡ್ತಾರಂತ. ಇದು ಸಾಚಾ, ಅಜ್ಜಾ?"

"ಅಲ್ಲ."

"ಮತ್ತ ನಿಮ್ಮ ಹೆಸರು ಯಾಕ ಐತಿ?"

"ಅವರು ಹಾಕ್ಯಾರ. ಸಹಿ ನಾ ಮಾಡಿಲ್ಲ." ಮತ್ತೆ ಹೇಳಿದೆ, "ಆ ಕಿಶೋರ ಅಕಿ ಸೋಗ ಹಾಕ್ತಾಳ ಅಂದ."

"ಸೋಗು ಅಂದ್ರ? ಫೇಕ್?"

ಸುಮ್ಮನಿರುವುದು ನನ್ನ ಅಭ್ಯಾಸ. ಆದರೆ ಆ ಹೊತ್ತಿಗೆ ಆ ಒಂದು ಶಬ್ದ ಮಧ್ಯಾಹ್ನದಿಂದ ನನ್ನನ್ನು ಬಿಟ್ಟಿರಲಿಲ್ಲ.

"ಫೇಕ್ ಅಲ್ಲ. ಕುಂದರ ಇಲ್ಲಿ, ಹೇಳ್ತೇನಿ. ನಮ್ಮಪ್ಪ ಹಗಲುವೇಷದಾಂವ. ಗದಗ, ರೋಣ, ನರೇಗಲ್, ಆ ಸುತ್ತಿನ ಹಳ್ಳಿಗೆಲ್ಲ ಹೋಗ್ತಿದ್ದ. ಸೋಗ ಹಾಕೂದ ಅವನ ಕೆಲಸ. ಒಂದಿನ ರಾವಣ, ಒಂದಿನ ಕೊರವಂಜಿ, ಒಂದಿನ ಫೌಜದಾರ. ಹಾಡಾಹಗಲ, ಮನಿಮನಿ ಮುಂದ, ಎಲ್ಲಾರ ಕಣ್ಣೆದುರಿಗೆ. ಒಂದು ವಾರ ಹಿಂಗ ಮಾಡಿ, ಕಡೀ ದಿನ ಸೋಗಿಲ್ಲದ, ತನ್ನ ಸ್ವಂತ ಅಂಗಿ ಹಾಕ್ಕೊಂಡು ಹೋಗಿ, ನಾ ಇಂಥಾವ, ಇಂಥಾ ಊರಾವ ಅಂತ ಹೇಳಿ, ಕೊಟ್ಟ ಕಾಳು ಇಸಕೊಂಡು ಬರ್ತಿದ್ದ."

"ಅಂದ್ರ ಎಲ್ಲಾರಿಗೂ ಗೊತ್ತಿರ್ತಿತ್ತು?"

"ಗೊತ್ತಿರಬೇಕು. ಅದ ಅದರ ಕಾಯಿದೆ. ಒಮ್ಮೆ ಏನಾತು, ನರೇಗಲ್ ಸಂತಿಯೊಳಗ ಅಪ್ಪ ಫೌಜದಾರನ ಸೋಗ ಹಾಕಿದ್ದ. ಒಬ್ಬ ಮುದುಕಿ, ಬ್ಯಾರೆ ಊರಾಕಿ, ಖರೇ ಫೌಜದಾರ ಅಂತ ತಿಳದು ಕಾಲಿಗೆ ಬಿದ್ಲು. ನನ್ನ ಮಗನ್ನ ಹೊಡದು ಒಳಗ ಹಾಕ್ಯಾರ, ಬಿಡಸ್ರಿ ಅಂತ ಅಳಾಕತ್ಲು. ಜನಾ ನಗಾಕತ್ರು. ಅಪ್ಪ ನಗಲಿಲ್ಲ. ಅಲ್ಲೇ ಮೀಸಿ ಕಿತ್ತ, ಟೊಪ್ಪಿಗಿ ತಗದ, ಅಕೀ ಕಾಲಿಗೆ ತಾನ ಬಿದ್ದ. ಅವ್ವಾ ನಾ ಫೌಜದಾರ ಅಲ್ಲ, ಹೊಟ್ಟಿಗೆ ವೇಷ ಹಾಕ್ಕೊಂಡಾವ ಅಂದ. ಆ ಊರಾಗ ಮತ್ತ ಅವತ್ತ ಬಣ್ಣ ಹಚ್ಚಲಿಲ್ಲ. ನಂಗ ಆಗ ಎಂಟು ವರ್ಷ. ನಂಬಿದವರ ಮುಂದ ಸೋಗ ಇಟ್ಟಕೋಬಾರದೋ ಅಂತ ಹೇಳಿದ್ದ."

ಮನಸ್ವಿನಿ ಕಾಗದವನ್ನೇ ನೋಡುತ್ತಿದ್ದಳು. "ಹಂಗಂದ್ರ ನಿಮ್ಮ ಆ ಗ್ರೀನ್ ಪೆಟ್ಟಗಿ... ಅದು ಸೋಗು ಅಲ್ಲ."

"ಅಲ್ಲ."

"ಮತ್ತೇನು?"

"ಮೋಸ," ಎಂದೆ. ಹನ್ನೊಂದು ವರ್ಷ ಅದಕ್ಕೆ ಅಪ್ಪನ ಕಸುಬಿನ ಹೆಸರಿಟ್ಟು ನಕ್ಕಿದ್ದೆ. ಕಿಶೋರ್ ಒಬ್ಬನೇ ಆ ಶಬ್ದವನ್ನು ಕೆಡಿಸಿದವನಲ್ಲ.

ತುಂಗಾಳ ಖೋಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ. ಗಂಡ ಟೆಂಪೊ ಓಡಿಸುತ್ತಾನೆ. ವಾರಕ್ಕೆ ನಾಲ್ಕು ದಿನ ಸೂರತ್ತಿನಲ್ಲೇ ಇರುತ್ತಾನೆ. ಬುಧವಾರ ನಾನು ಹೋದಾಗ ಅವಳು ಒಂದೇ ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಎಡಗೈ ಬ್ಯಾಂಡೇಜಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಮಲಗಿದ ಕೂಸಿನ ಹಾಗೆ. ರೊಟ್ಟಿ ತಿರುಗುತ್ತಿರಲಿಲ್ಲ. ಎಡಗೈ ತಿರುಗಿಸಬೇಕು, ಬಲಗೈ ಬಡಿಯಬೇಕು, ಹಾಗೆ ಮಾಡಿದರೆ ಅದು ದುಂಡಗಾಗುತ್ತದೆ. ಅವಳದು ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಯಾವುದೋ ದೇಶದ ನಕಾಶೆಯಂತಾಗಿತ್ತು.

"ಬರ್ರಿ ಕಾಕಾ. ನೋಡ್ರಿ, ಸೋಗಲಾಡಿ ರೊಟ್ಟಿ ಹೆಂಗ ಬಡೀತಾಳ," ಎಂದಳು.

"ನಿನಗೂ ಹೇಳಿದನೇನು?"

"ಇಲ್ಲೇ ಬಂದು, ಈ ಹೊಸ್ತಿಲದಾಗ ನಿಂತು ಹೇಳಿದ. ಒಳಗ ಬರಲಿಲ್ಲ, ಬೂಟು ಕಳೀಬೇಕಾಗ್ತದಲ್ಲ. ಅಮ್ಮಾ, ಬೆರಳು ಹೋದ್ಮೇಲೆ ಬೆರಳು ಹೇಗೆ ನೋಯುತ್ತೆ, ಸುಮ್ನೆ ಯಾಕೆ ಸೋಗು ಹಾಕ್ತೀರ ಅಂದ." ಅವನ ದನಿಯನ್ನು ಅವಳು ಎಷ್ಟು ಸರಿಯಾಗಿ ಆಡಿ ತೋರಿಸಿದಳೆಂದರೆ ನನಗೆ ಒಂದು ಕ್ಷಣ ನಗು ಬಂತು. ಅವಳಿಗೆ ಬರಲಿಲ್ಲ. "ನಾ ಏನ ಹೇಳ್ಲಿ ಕಾಕಾ? ಖರೇನ ನೋಯ್ತಾವ. ಬೆರಳ ತುದಿಗೆ ಯಾರೋ ಬೆಂಕಿಕಡ್ಡಿ ಹಿಡದಂಗ ಉರೀತೈತಿ. ನೋಡಿದ್ರ ಅಲ್ಲಿ ಬೆರಳ ಇಲ್ಲ. ದವಾಖಾನಿ ಡಾಕ್ಟರ ಅಕ್ಕಾರು ಹೇಳಿದ್ರು, ಬೆರಳ ಹೋಗಿದ್ದು ನರಗಳಿಗೆ ಇನ್ನೂ ಗೊತ್ತಾಗಿಲ್ಲ, ಭಾಳ ಮಂದಿಗೆ ಹಿಂಗಾಗ್ತದ ಅಂತ. ಇಂವಗ ಹೇಳಿದ್ರ, ಡಾಕ್ಟರ್‌ಗೂ ಹೇಳ್ಕೊಟ್ಟಿದ್ದೀರಾ ಅಂದ."

ನಾನು ಗೋಡೆಗೆ ಒರಗಿ ಕೂತೆ. ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಅರ್ಧ ಕೈಯಲ್ಲೇ ಉಳಿಯಿತು.

"ನೀವು ಸಹಿ ಮಾಡ್ತೀರಿ ಅಂತ ಹೇಳ್ಯಾನ," ಎಂದಳು, ಹೆಂಚಿನ ಕಡೆ ನೋಡುತ್ತ. "ಮಾಡಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ನಿಮಗೂ ಮನಿ ಐತಿ. ಆದ್ರ ಒಂದು. ನಾ ಬಿಚ್ಚಿಲ್ಲ ಅದನ್ನ. ಬಿಚ್ಚಾಕ ಅಲ್ಲಿ ಇದ್ದರ ತಾನ?"

ಹಸಿರು ಪೆಟ್ಟಿಗೆಯ ಕೆಲಸದ ಒಂದು ಸಂಜೆ ನೆನಪಾಯಿತು. ನಾಲ್ಕು ವರ್ಷದ ಹಿಂದೆ, ಸಂಕ್ರಾಂತಿಯ ಗಾಳಿಪಟಗಳು ಇನ್ನೂ ವೈರುಗಳಿಗೆ ಜೋತುಬಿದ್ದಿದ್ದ ವಾರ. ತುಂಗಾ ಆಗ ಹೊಸಬಳು. ಕೈಗವಸು ಹಾಕಿಕೊಂಡೇ ಮನೆಗೆ ಹೊರಟಿದ್ದಳು. ಅದು ತನಗೇ ಕೊಟ್ಟದ್ದು ಎಂದು ತಿಳಿದಿದ್ದಳು. ಗೇಟಿನವರೆಗೆ ಓಡಿ ಹೋಗಿ ಅವಳ ಕೈ ಹಿಡಿದು ಒಂದೊಂದೇ ಬೆರಳಿನಿಂದ ಅದನ್ನು ಎಳೆದು ತೆಗೆದವನು ನಾನು. ಅವಳು ನಾಚಿಕೊಂಡು, ತಪ್ಪಾತ್ರಿ ಕಾಕಾ ಎಂದಿದ್ದಳು.

ಇದನ್ನು ಅವಳಿಗೆ ಅವತ್ತು ಹೇಳಲಿಲ್ಲ. ಬೆಣೆಯ ಮಾತನ್ನೂ ಹೇಳಲಿಲ್ಲ. ಉಳಿದ ಹಿಟ್ಟು ನಾದಿಕೊಟ್ಟು ಬಂದೆ.

ಶುಕ್ರವಾರ ಎಂಟಕ್ಕೆ ಮ್ಯಾನೇಜರ್ ಸ್ಟೋರಿಗೆ ಬಂದು "ಕಾಕಾ, ಪೇಟಿ ಖೋಲೋ" ಎಂದ. ತೆರೆದೆ. ಕೈಗವಸು, ಕನ್ನಡಕ ಎಲ್ಲ ಹಂಚಿದೆ. ಯಾರ ಮುಖವನ್ನೂ ನೋಡದೆ ಹಂಚಿದೆ. ಏಳನೇ ಪ್ರೆಸ್ಸಿಗೆ ಹಳದಿ ಜಾಲರಿಯನ್ನು ನಾನೇ ಬಿಗಿದೆ, ನಾಲ್ಕು ಬೋಲ್ಟು, ಹತ್ತರದ್ದು. ಬೆಣೆಯನ್ನು ಗುಂಡಿಯಿಂದ ಕಿತ್ತು ಅದನ್ನು ಅಡಗಿಸಿಡುವ ಜಾಗದಲ್ಲಿ, ಯಂತ್ರದ ಹಿಂದಿನ ಬಾಗಿಲೊಳಗೆ ಇಟ್ಟೆ. ಎಲ್ಲವೂ ಎಂದಿನ ಹಾಗೆ ಇರಲಿ ಎಂದುಕೊಂಡೆ. ಕಿಶೋರ್ ಬಂದವನು ಸುತ್ತ ನೋಡಿ, ಸೂಪರ್ ತಾತ, ಎಂದ.

ಇನ್‌ಸ್ಪೆಕ್ಟರ್ ಹೆಂಗಸು, ಐವತ್ತರ ಆಸುಪಾಸು. ಬಂದವರು ಚಹಾ ಬೇಡ ಎಂದರು, ಕುರ್ಚಿಯೂ ಬೇಡ ಎಂದರು. ನೇರ ಏಳನೇ ಪ್ರೆಸ್ಸಿನ ಮುಂದೆ ನಿಂತರು. ಮ್ಯಾನೇಜರ್ ಜಾಲರಿ ತೋರಿಸಿದ, ಎರಡು ಗುಂಡಿ ಒತ್ತಿಸಿ ತೋರಿಸಿದ. ಕಿಶೋರ್ ನನ್ನ ಹೆಸರಿನ ಕಾಗದದ ಇನ್ನೊಂದು ಪ್ರತಿಯನ್ನು ಮುಂದೆ ಹಿಡಿದ.

"ಇದರಲ್ಲಿ ಸಹಿ ಇಲ್ಲ," ಎಂದರು ಅವರು.

"ಈಗ ಮಾಡ್ತಾರೆ ಮೇಡಂ," ಎಂದ ಕಿಶೋರ್, ಪೆನ್ನು ತೆಗೆಯುತ್ತ.

"ಮಾಡುವುದಿಲ್ಲ," ಎಂದೆ. ಗುಜರಾತಿಯಲ್ಲೇ ಹೇಳಿದೆ, ಎಲ್ಲರಿಗೂ ಕೇಳಲಿ ಎಂದು. ನಲವತ್ತೈದು ವರ್ಷದಲ್ಲಿ ಆ ಶೆಡ್ಡಿನೊಳಗೆ ನಾನು ದನಿ ಎತ್ತಿದ್ದು ಅದೇ ಮೊದಲು. ಪಕ್ಕದ ಪ್ರೆಸ್ಸುಗಳು ಒಂದೊಂದೇ ನಿಂತವು.

ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಯಾಕೆ, ಕಾಕಾ?"

"ಈ ಜಾಲರಿಯನ್ನು ನಾನು ಇವತ್ತು ಬೆಳಿಗ್ಗೆ ಎಂಟೂ ಕಾಲಿಗೆ ಹಾಕಿದ್ದು. ಸಂಜೆ ನಾನೇ ಬಿಚ್ಚುತ್ತೇನೆ. ಆ ಹೆಣ್ಣುಮಗಳ ಬೆರಳು ಹೋದ ದಿನ ಇದು ನನ್ನ ಪೆಟ್ಟಿಗೆಯಲ್ಲಿತ್ತು."

"ವಯಸ್ಸಾಗಿದೆ ಮೇಡಂ, ಮರೆವು..." ಎಂದ ಮ್ಯಾನೇಜರ್.

ಮರೆವು! ಆ ಒಂದು ಮಾತನ್ನು ಅವನು ಆಡದಿದ್ದರೆ ನಾನು ಅಷ್ಟಕ್ಕೇ ನಿಲ್ಲಿಸುತ್ತಿದ್ದೆನೋ ಏನೋ.

ನಾನು ಹೇಳತೊಡಗಿದೆ. ಬರೆದಿಟ್ಟುಕೊಂಡವನಲ್ಲ, ಬರೆಯುವ ರೂಢಿಯೂ ನನಗಿಲ್ಲ. ಆದರೆ ಆ ಪೆಟ್ಟಿಗೆ ತೆರೆದ ಒಂದೊಂದು ದಿನವೂ ನನಗೆ ಗೊತ್ತು. ಮೊದಲ ಸಲ ತೆರೆದದ್ದು ನವರಾತ್ರಿಯ ಮೂರನೇ ದಿನ, ಬಂದವರು ಇಬ್ಬರು, ಒಬ್ಬನಿಗೆ ಕುಂಟು ಕಾಲು. ಎರಡನೆಯದು ಮರುವರ್ಷ ಹೋಳಿಯ ನಂತರದ ಬುಧವಾರ. ಹೆಂಗಸರ ಕೂದಲಿನಲ್ಲಿ ಗುಲಾಲು ಇನ್ನೂ ಇತ್ತು, ತಲೆ ತೊಳೆದು ಬರಲು ಮನೆಗೆ ಕಳಿಸಿದ್ದರು. ಮೂರನೇ ವರ್ಷ ದೊಡ್ಡ ಮಳೆಯಾಗಿ ವಿಶ್ವಾಮಿತ್ರಿ ಹೊಳೆ ಉಕ್ಕಿದ ವಾರದಲ್ಲಿ ಬರಬೇಕಾದವರು ಬರಲಿಲ್ಲ, ಜಾಲರಿ ಎರಡು ದಿನ ಸುಮ್ಮನೆ ಪ್ರೆಸ್ಸಿನ ಮೇಲಿತ್ತು, ಬಿಲ್ಲೆ ಕಡಿಮೆ ಬಿತ್ತೆಂದು ಬೈದು ಬಿಚ್ಚಿಸಿದರು. ಕರೋನಾ ರೋಗದ ವರ್ಷ ಪೆಟ್ಟಿಗೆಯಿಂದ ಏನನ್ನೂ ಹಂಚಲೇ ಇಲ್ಲ. ಗಿರಾಕಿಗಳು ಫೋನಿನಲ್ಲೇ ನೋಡಿದರು, ಅದಕ್ಕೆ ಈ ಒಂದು ಪ್ರೆಸ್ಸಿಗೆ ಮಾತ್ರ ಜಾಲರಿ ಹಾಕಿ ಫೋನನ್ನು ಅದರ ಮುಂದೆಯೇ ಹಿಡಿದರು. ಹಿಡಿದವನು ಇವನೇ, ಎಂದು ಮ್ಯಾನೇಜರನನ್ನು ತೋರಿಸಿದೆ. ಹೋದ ವರ್ಷ ಎರಡು ಸಲ. ಈ ವರ್ಷ ಯುಗಾದಿಯ ಹಿಂದಿನ ದಿನ ಒಮ್ಮೆ. ಇವತ್ತಿಗೆ ಹತ್ತೊಂಬತ್ತು ಸಲ. ಹನ್ನೊಂದು ವರ್ಷದಲ್ಲಿ ಹತ್ತೊಂಬತ್ತು ದಿನ ಈ ಯಂತ್ರದ ಬಾಯಿಗೆ ಬಾಗಿಲಿತ್ತು. ಫೋನಿನ ದಿನವನ್ನೂ ಮಳೆಯ ಎರಡನೇ ದಿನವನ್ನೂ ಸೇರಿಸಿದರೆ ಇಪ್ಪತ್ತೊಂದು.

"ಬಾಯಿಮಾತು ಮೇಡಂ, ದಾಖಲೆ ಏನಿದೆ?" ಎಂದ ಕಿಶೋರ್.

"ಯಂತ್ರವೇ ಇದೆ," ಎಂದೆ. "ಇದರ ಮೈ ಮುಟ್ಟಿ ನೋಡಿ. ವರ್ಷಗಟ್ಟಲೆಯ ಎಣ್ಣೆ ಕುಡಿದು ಕಪ್ಪಾಗಿದೆ, ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಏಳುತ್ತದೆ. ಈಗ ಜಾಲರಿ ಮುಟ್ಟಿ ನೋಡಿ. ಹನ್ನೊಂದು ವರ್ಷದ ಬಣ್ಣ. ಒಂದು ಹನಿ ಎಣ್ಣೆ ಕೂತಿಲ್ಲ."

ಇನ್‌ಸ್ಪೆಕ್ಟರ್ ಮೊದಲು ಯಂತ್ರವನ್ನು ಮುಟ್ಟಿದರು, ಆಮೇಲೆ ಜಾಲರಿಯನ್ನು. ಎರಡು ಬೆರಳನ್ನೂ ಬೆಳಕಿಗೆ ಹಿಡಿದರು. ಒಂದು ಕಪ್ಪು, ಒಂದು ಶುಭ್ರ. ಹಾಳೆಯಲ್ಲಿ ಬರೆದುಕೊಂಡರು.

ನಾನು ಯಂತ್ರದ ಹಿಂದೆ ಹೋಗಿ ಬೆಣೆಯನ್ನು ತೆಗೆದು ಅವರ ಕೈಗಿಟ್ಟೆ. ಎಡಗಡೆಯ ಗುಂಡಿಗೆ ಹೇಗೆ ಕೂರುತ್ತದೆಂದು ತೋರಿಸಿದೆ.

"ಇದನ್ನು ಮಾಡಿದವರು ಯಾರು?"

"ನಾನು."

ಕಿಶೋರ್ ನನ್ನ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ ಕನ್ನಡದಲ್ಲಿ ಹೇಳಿದ, "ತಲೆ ಕೆಟ್ಟಿದೆಯಾ ನಿಮಗೆ? ಇವರೆಲ್ಲರ ಎದುರಿಗೆ ಕನ್ನಡದೋರ ಮರ್ಯಾದೆ ತೆಗೀತೀರಲ್ರೀ!"

"ತುಂಗಾನೂ ಕನ್ನಡದಾಕಿನ ಅದಾಳಲ್ಲೋ ತಮ್ಮಾ," ಎಂದೆ. "ಅಕೀ ಬೆರಳು ತಗದ್ರಿ, ಅಕೀ ಹೆಸರು ತಗೀಲಿಕ್ಕೆ ಹೊಂಟ್ರಿ. ಆವಾಗ ಎಲ್ಲಿತ್ತು ನಿನ್ನ ಮರ್ಯಾದಿ? ಇನ್ನೊಮ್ಮೆ ಅಕೀಗೆ ಸೋಗಲಾಡಿ ಅಂದಿ ಅಂದ್ರ ನಿನ್ನ ಬೂಟು ಕಳಸಿ, ಅಕೀ ಮನಿಯೊಳಗ ಕುಂದರಿಸಿ, ಆ ಕೈ ನಿನ್ನ ಕೈಯಾಗ ಕೊಡ್ತೇನಿ. ಹಿಡಕೊಂಡು ನೋಡು, ಉರಿ ತಾಗ್ತದೋ ಇಲ್ಲೋ."

ಅವನು ಹಿಂದೆ ಸರಿದ. ಇನ್‌ಸ್ಪೆಕ್ಟರಿಗೆ ಕನ್ನಡ ಬರುವುದಿಲ್ಲ; ಆದರೂ ಅವರು ಪೆನ್ನು ನಿಲ್ಲಿಸಿ ಮುಗಿಯುವವರೆಗೆ ಕಾದರು. ಆಮೇಲೆ ಬೆಣೆಯನ್ನೂ ಜಾಲರಿಯನ್ನೂ ಪುರಾವೆಗೆಂದು ತಾವೇ ಕಟ್ಟಿಸಿಕೊಂಡರು. ತಮ್ಮ ಹಾಳೆಯಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿದರು. ಜಾಲರಿ ಇರಲಿಲ್ಲ, ಗುಂಡಿಯನ್ನು ಕಾರ್ಖಾನೆಯವರೇ ಕಟ್ಟಿಹಾಕಿಸಿದ್ದರು, ಕೆಲಸಗಾರ್ತಿಯ ತಪ್ಪಿಲ್ಲ. ಎರಡು ಸಲ ಓದಿಸಿಕೊಂಡೆ. ಬೆಣೆ ಕೆತ್ತಿದವನ ಹೆಸರೂ ಅದರಲ್ಲಿತ್ತು. ಸಿ, ದ್ದ, ಲಿಂ, ಗ, ಪ್ಪ ಎಂದು ಕನ್ನಡದಲ್ಲೇ ಸಹಿ ಹಾಕಿದೆ.

ಐದಕ್ಕೆ ಮ್ಯಾನೇಜರ್ ಬಂದು ನಾಳೆಯಿಂದ ಬರುವುದು ಬೇಡ ಎಂದ. ಕೀಲಿಕೈ ಬಿಚ್ಚಿ ಕೊಟ್ಟೆ. ಪಾಳಿ ಮುಗಿದ ಹೆಂಗಸರು ಎಂದಿನ ಅಭ್ಯಾಸದಲ್ಲಿ ಸ್ಟೋರಿನ ಮುಂದೆ ಸಾಲು ನಿಂತು ಕೈಗವಸು ಕಳಚುತ್ತಿದ್ದರು. ಇವತ್ತು ಏನೇನಾಯಿತೆಂದು ಕಣ್ಣಾರೆ ಕಂಡವರು, ಆದರೂ ಸಾಲು ನಿಂತಿದ್ದರು! ಅದನ್ನು ನೋಡಿ ನನಗೆ ಕಿಶೋರನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಈ ಸಾಲನ್ನು ಕಲಿಸಿದವನು ನಾನು.

"ಹಾಕಿಕೊಂಡೇ ಹೋಗಿ," ಎಂದೆ.

"ನಾಳೆ ಕೇಳಿದರೆ, ಕಾಕಾ?"

"ನಾಳೆ ಕೇಳುವವನು ನಾನಲ್ಲ. ಕೊಡಬೇಡಿ."

ಅಲ್ಲಿಂದ ನೇರ ತುಂಗಾಳ ಖೋಲಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅವಳು ಎದ್ದು ನಿಂತಿದ್ದಳು. ಕಣ್ಣು ಕೆಂಪಾಗಿದ್ದವು. ಅತ್ತಿದ್ದಾಳೆ, ಈಗ ಕೈ ಮುಗಿಯುತ್ತಾಳೆ, ಬೇಡ ಎನ್ನಬೇಕು ಎಂದು ನಾನು ಮಾತು ಹೊಂದಿಸಿಕೊಂಡೆ. ನನಗೆ ನಾನು ಕೊಟ್ಟುಕೊಂಡಿದ್ದ ಬೆಲೆ ಹಾಗಿತ್ತು.

"ಆ ಬೆಣೆ ನೀವು ಕೆತ್ತಿದ್ದಂತ," ಎಂದಳು.

"ಹೌದವ್ವಾ."

"ಬುಧವಾರ ಇಲ್ಲೇ ಕುಂತಿದ್ರಿ. ನಾನು ನಿಮ್ಮ ಮುಂದ ರೊಟ್ಟಿ ಬಡಿದೆ. ಹೇಳಲಿಲ್ಲ."

"ಹೇಳಲಿಲ್ಲ."

"ನಾ ಕೆಲಸಕ್ಕ ಬಂದ ಮೊದಲನೇ ದಿನ ನಿಮ್ಮನ್ನ ಕೇಳಿದ್ದೆ ಕಾಕಾ. ನೆನಪೈತೇನು? ನಿಮಗ ಎಲ್ಲಾ ನೆನಪಿರ್ತೈತಲ್ಲ. ಕಾಕಾ, ಈ ಕಟಗಿ ಯಾಕ, ಕೈ ಸಿಗೂದಿಲ್ಲೇನು ಅಂದಿದ್ದೆ."

ನೆನಪಿತ್ತು. ಅಂದು ಮಂಗಳವಾರ. ಅವಳು ನೀಲಿ ಸೀರೆ ಉಟ್ಟಿದ್ದಳು.

"ಏನಂದಿದ್ರಿ?"

"ರೂಢಿ ಆಗ್ತದ ಅಂದಿದ್ದೆ."

"ನಮ್ಮ ಕಾಕಾ ಶಾಂತ ಮನಶ್ಯಾ, ದೇವರಂಥಾ ಮನಶ್ಯಾ, ಎಂದೂ ದನಿ ಎತ್ತಿದಾಂವ ಅಲ್ಲ ಅಂತ ನಾವೆಲ್ಲಾ ಹೇಳ್ಕೋತ ಅಡ್ಡಾಡಿದ್ವಿ," ಎಂದಳು. ಅವಳ ದನಿ ಏರಲಿಲ್ಲ, ಏರಿದ್ದರೆ ಒಳ್ಳೆಯದಿತ್ತು. "ದನಿ ಎತ್ತಾಕ ಬರ್ತಿತ್ತಲ್ರಿ ನಿಮಗ. ಇವತ್ತ ಬಂತಲ್ಲ. ಮೊದಲ ಬಂದಿದ್ರ ನಂಗ ಹತ್ತು ಬೆರಳ ಇರ್ತಿದ್ದವು. ಸೋಗ ಅಂದ್ರ ಅದು. ನಿಮ್ಮ ಸುಮ್ಮನಿರೂದು."

ಮ್ಯಾನೇಜರ್ ಹೇಳಿದ, ನಾನು ಮಾಡಿದೆ ಎನ್ನಲೇ? ಹೊಟ್ಟೆಪಾಡು ಎನ್ನಲೇ? ಅದನ್ನೆಲ್ಲ ಅವಳು ನನಗಿಂತ ಚೆನ್ನಾಗಿ ಬಲ್ಲಳು. ಬಾಗಿಲ ಕಡೆ ತಿರುಗಿದೆ.

"ನಿಂದರ್ರಿ. ಚಾ ಇಟ್ಟೇನಿ, ಕುಡದ ಹೋಗ್ರಿ," ಎಂದಳು. "ನನ್ನ ಹೆಸರು ಉಳಿಸೀರಿ, ಅದು ಖರೇ. ಅದಕ್ಕ ಚಾ. ನಾಳಿಂದ ಬರಬ್ಯಾಡ್ರಿ."

ನಿಂತುಕೊಂಡೇ ಕುಡಿದೆ. ಬಿಸಿಯಿತ್ತು, ನಾಲಿಗೆ ಸುಟ್ಟಿತು. ಅವಳು ಕೆಳಗೆ ಕೂತು ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬ್ಯಾಂಡೇಜಿನ ತುದಿಯಲ್ಲಿ ಬೆರಳಿಲ್ಲದ ಜಾಗವನ್ನು ಇನ್ನೊಂದು ಕೈಯಿಂದ ಮೆಲ್ಲಗೆ ನೀವುತ್ತಿದ್ದಳು. ಕುಡಿದಾದ ಮೇಲೆ ಲೋಟ ತೊಳೆಯೋಣವೆಂದು ಬಚ್ಚಲ ಕಡೆ ಎರಡು ಹೆಜ್ಜೆ ಇಟ್ಟೆ.

"ಇಡ್ರಿ ಅದನ್ನ ಅಲ್ಲೇ," ಎಂದಳು. "ನನ್ನ ಲೋಟ ನಾ ತೊಳೀತೇನಿ."

ಇಟ್ಟೆ.